ಕರ್ನಾಟಕ ಕರಾವಳಿಯ ವಸಂತಕಾಲದ ಮೀನುಗಾರಿಕೆ

ಕರ್ನಾಟಕ ಕರಾವಳಿಯ ವಸಂತಕಾಲದ ಮೀನುಗಾರಿಕೆ ಎಂದರೆ ಫೆಬ್ರವರಿ ಕೊನೆಯಿಂದ ಮೇ 31ರವರೆಗೆ ಉತ್ತರ ಕನ್ನಡ, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಅರಬ್ಬೀ ಸಮುದ್ರ ತೀರದಲ್ಲಿ ನಡೆಯುವ ಮೀನುಗಾರಿಕೆ. ಮೀನುಗಾರಿಕೆಯ ವರ್ಷವು ಆಗಸ್ಟ್‌ನಲ್ಲಿ ಆರಂಭವಾಗಿ ಮೇ ತಿಂಗಳಲ್ಲಿ ಮುಗಿಯುವುದರಿಂದ ಇದು ಆ ವರ್ಷದ ಕೊನೆಯ ಘಟ್ಟ. ಈ ಕಾಲದಲ್ಲಿ ಬಲೆಗೆ ಬೀಳುವ ಮೀನಿನ ಪ್ರಮಾಣ ಇಳಿಮುಖವಾಗಿರುತ್ತದೆ. ಆದರೆ ಸಮುದ್ರ ಶಾಂತವಾಗಿ ಕಾಣುವುದರಿಂದ ದಡದ ಬಂಡೆಗಳ ಮೇಲೆ ನಿಂತು ಗಾಳ ಹಾಕುವುದು, ಅಳಿವೆಗಳಲ್ಲಿ ಚಿಪ್ಪುಮೀನು ಆರಿಸುವುದು, ಬೀಸುಬಲೆ ಎಸೆಯುವುದು ಮುಂತಾದ ಸಣ್ಣ ಪ್ರಮಾಣದ ಮೀನುಗಾರಿಕೆ ಹೆಚ್ಚುತ್ತದೆ. ಶಾಲಾ ಕಾಲೇಜುಗಳ ರಜೆಯೂ ಇದೇ ಅವಧಿಯಲ್ಲಿ ಬರುವುದರಿಂದ ಒಳನಾಡಿನ ಜಿಲ್ಲೆಗಳ ಜನ ಕಡಲತೀರಕ್ಕೆ ಅತಿ ಹೆಚ್ಚು ಸಂಖ್ಯೆಯಲ್ಲಿ ಬರುವ ತಿಂಗಳುಗಳೂ ಇವೇ. ಗಾಳಿಯೇ ಇಲ್ಲದ ದಿನ ದೂರದ ದಕ್ಷಿಣ ಸಾಗರದಿಂದ ಬರುವ ಹೆದ್ದೆರೆಗಳು ಈ ಕಾಲದ ಮುಖ್ಯ ಅಪಾಯ.

ಕಾಲ ಮತ್ತು ಹೆಸರು

ಪಂಚಾಂಗದ ಪ್ರಕಾರ ಚೈತ್ರ, ವೈಶಾಖ ಮಾಸಗಳು ವಸಂತ ಋತು. ಕರಾವಳಿಯ ಮೀನುಗಾರರ ಆಡುಮಾತಿನಲ್ಲಿ 'ವಸಂತ' ಎಂಬ ಶಬ್ದಕ್ಕೆ ಬಳಕೆಯಿಲ್ಲ. ಅವರಿಗೆ ಮಳೆಗಾಲ ಮತ್ತು ಬೇಸಿಗೆ ಎಂಬ ಎರಡೇ ಭೇದಗಳು ಮುಖ್ಯ. ಹವಾಮಾನ ಇಲಾಖೆಯು ಮಾರ್ಚ್‌ನಿಂದ ಮೇವರೆಗಿನ ಕಾಲವನ್ನು ಮುಂಗಾರುಪೂರ್ವ ಅವಧಿ ಎನ್ನುತ್ತದೆ. ಈ ಲೇಖನದಲ್ಲಿ ವಸಂತಕಾಲ ಎಂದರೆ ಈ ಅವಧಿಯೂ ಅದರ ಹಿಂದಿನ ಕೆಲವು ದಿನಗಳೂ ಸೇರುತ್ತವೆ.

ತೀರದ ರಚನೆ

ರಾಜ್ಯದ ಕರಾವಳಿಯ ಉದ್ದ ಸುಮಾರು 320 ಕಿ.ಮೀ. ಎಂದು ಲೆಕ್ಕ. ಅದರಲ್ಲಿ ಅರ್ಧದಷ್ಟು ಉತ್ತರ ಕನ್ನಡ ಜಿಲ್ಲೆಗೆ ಸೇರಿದೆ. ದಕ್ಷಿಣದ ಎರಡು ಜಿಲ್ಲೆಗಳಲ್ಲಿ ಉದ್ದನೆಯ ನೇರ ಮರಳುದಂಡೆಗಳೇ ಹೆಚ್ಚು. ನಡುನಡುವೆ ಉಳ್ಳಾಲದ ಸೋಮೇಶ್ವರ, ಕಾಪು ಮೊದಲಾದ ಕಡೆ ಮಾತ್ರ ಪಾದೆಗಳು, ಅಂದರೆ ಬಂಡೆಗಳು, ನೀರಿಗೆ ಚಾಚಿಕೊಂಡಿವೆ. ಕಾಪುವಿನ ದೀಪಸ್ತಂಭವನ್ನು 1901ರಲ್ಲಿ ಇಂಥದೊಂದು ಪಾದೆಯ ಮೇಲೆಯೇ ಕಟ್ಟಲಾಯಿತು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳು ಲಾವಾ ತಣಿದು ಉಂಟಾದ ಸ್ತಂಭಾಕಾರದ ಶಿಲೆಗಳಿಗೆ ಪ್ರಸಿದ್ಧವಾಗಿದ್ದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಲ್ಪಟ್ಟಿವೆ.

ಭಟ್ಕಳದಿಂದ ಉತ್ತರಕ್ಕೆ ತೀರದ ಸ್ವರೂಪ ಬದಲಾಗುತ್ತದೆ. ಅಲ್ಲಿ ಪಶ್ಚಿಮ ಘಟ್ಟದ ಕವಲುಗಳು ಸಮುದ್ರದವರೆಗೂ ಬಂದು ನಿಲ್ಲುತ್ತವೆ. ಗುಡ್ಡದ ಮೂಗು ನೀರಿಗಿಳಿದ ಕಡೆ ಕಡಿದಾದ ಬಂಡೆ, ಎರಡು ಮೂಗುಗಳ ನಡುವೆ ಅರ್ಧಚಂದ್ರಾಕಾರದ ಮರಳುದಂಡೆ: ಗೋಕರ್ಣದ ಕುಡ್ಲೆ, ಓಂ ಮುಂತಾದ ಕಡಲತೀರಗಳು ಈ ರಚನೆಗೆ ಉತ್ತಮ ಉದಾಹರಣೆಗಳು. ಮುರುಡೇಶ್ವರ, ಹೊನ್ನಾವರದ ಅಪ್ಸರಕೊಂಡ, ಕಾರವಾರದ ಸುತ್ತಮುತ್ತ ಇದೇ ರೂಪ ಕಾಣುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳ ಅಳಿವೆಗಳು ಈ ಗುಡ್ಡಗಳ ನಡುವೆ ಬಾಯಿ ತೆರೆದಿವೆ. ಭಟ್ಕಳ ತಾಲ್ಲೂಕಿನ ನೇತ್ರಾಣಿ, ಹೊನ್ನಾವರದ ಎದುರಿನ ಬಸವರಾಜದುರ್ಗ, ಕಾರವಾರದ ಕೂರ್ಮಗಡ ಮತ್ತು ದೇವಗಡ ಇಲ್ಲಿನ ಮುಖ್ಯ ದ್ವೀಪಗಳು. ಬಂಡೆಯ ಬುಡದಲ್ಲಿ ನೀರು ಆಳವಾಗಿರುವುದರಿಂದ ದೊಡ್ಡ ಮೀನುಗಳು ದಡಕ್ಕೆ ಹತ್ತಿರವೇ ಸಿಗುತ್ತವೆ. ಅದೇ ಆಳದಿಂದಾಗಿ ಅಲೆಗಳು ದೂರದಲ್ಲಿ ಒಡೆದು ಬಲ ಕಳೆದುಕೊಳ್ಳದೆ ನೇರವಾಗಿ ಬಂಡೆಗೆ ಅಪ್ಪಳಿಸುತ್ತವೆ.

ಸಮುದ್ರದ ಸ್ಥಿತಿ

ಗಾಳಿ. ವಸಂತದ ದಿನಚರಿ ಬಹುಮಟ್ಟಿಗೆ ನಿಶ್ಚಿತ. ರಾತ್ರಿ ನೆಲ ಬೇಗ ತಣಿಯುವುದರಿಂದ ಬೆಳಗಿನ ಜಾವ ಪೂರ್ವದಿಂದ, ಅಂದರೆ ನೆಲದ ಕಡೆಯಿಂದ, ಮಂದವಾದ ಗಾಳಿ ಬೀಸುತ್ತದೆ, ನೀರು ಕನ್ನಡಿಯಂತಿರುತ್ತದೆ. ಬಿಸಿಲೇರಿದಂತೆ ಗಾಳಿ ಒಮ್ಮೆ ನಿಂತು, ಮಧ್ಯಾಹ್ನದ ಹೊತ್ತಿಗೆ ಪಶ್ಚಿಮ ಅಥವಾ ವಾಯವ್ಯದಿಂದ ಕಡಲಗಾಳಿ ಆರಂಭವಾಗುತ್ತದೆ. ಸಂಜೆಯವರೆಗೂ ಅದು ಬಲವಾಗಿಯೇ ಇದ್ದು ನೀರಿನ ಮೇಲೆ ಸಣ್ಣ ಮೊನಚಾದ ಅಲೆಗಳನ್ನು ಎಬ್ಬಿಸುತ್ತದೆ. ನಾಡದೋಣಿಯವರು ನಸುಕಿನಲ್ಲಿ ನೆಲಗಾಳಿಯ ಜೊತೆ ಹೊರಟು ಕಡಲಗಾಳಿ ಬಲವಾಗುವ ಮೊದಲು ಅಥವಾ ಅದರ ಜೊತೆಯಲ್ಲೇ ಮರಳುತ್ತಿದ್ದ ರೂಢಿಗೆ ಇದೇ ಕಾರಣ. ಹಾಯಿಯ ಕಾಲ ಮುಗಿದು ಎಂಜಿನ್ ಬಂದರೂ ಸಣ್ಣ ದೋಣಿಗಳ ವೇಳಾಪಟ್ಟಿ ಇಂದಿಗೂ ಹೆಚ್ಚು ಬದಲಾಗಿಲ್ಲ.

ಅಲೆ. ಮಳೆಗಾಲದಲ್ಲಿ ಮೂರು ನಾಲ್ಕು ಮೀಟರ್‌ಗಳನ್ನು ದಾಟುವ ಅಲೆಗಳು ಈ ತಿಂಗಳುಗಳಲ್ಲಿ ಸಾಮಾನ್ಯವಾಗಿ ಒಂದು ಮೀಟರ್‌ನ ಆಸುಪಾಸಿನಲ್ಲಿರುತ್ತವೆ. ಆದರೆ ಅಲೆಗಳಲ್ಲಿ ಎರಡು ಬಗೆಯುಂಟೆಂಬುದನ್ನು ಗಮನಿಸಬೇಕು. ಸ್ಥಳೀಯ ಗಾಳಿಯಿಂದ ಹುಟ್ಟುವ ಅಲೆಗಳು ಒಂದರ ಹಿಂದೊಂದು ಕೆಲವೇ ಸೆಕೆಂಡುಗಳ ಅಂತರದಲ್ಲಿ ಬರುತ್ತವೆ, ಗಾಳಿ ನಿಂತರೆ ಅವೂ ತಗ್ಗುತ್ತವೆ. ಬೇರೆಲ್ಲೋ ಬೀಸಿದ ಬಿರುಗಾಳಿಯಿಂದ ಹುಟ್ಟಿ ಸಾವಿರಾರು ಕಿಲೋಮೀಟರ್ ಸಾಗಿ ಬರುವ ಹೆದ್ದೆರೆಗಳಿಗೂ ಸ್ಥಳೀಯ ಗಾಳಿಗೂ ಯಾವ ಸಂಬಂಧವೂ ಇಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಅರೇಬಿಯಾ ಕಡೆಯ 'ಶಮಾಲ್' ಗಾಳಿಯಿಂದ ಎದ್ದ ಹೆದ್ದೆರೆಗಳು ವಾಯವ್ಯದಿಂದ ಬರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಬರುವ ಹೆದ್ದೆರೆಗಳ ದಿಕ್ಕು ನೈರುತ್ಯ. ಹೀಗಾಗಿ ಮಾರ್ಚ್‌ನಲ್ಲಿ ಮರೆಯಲ್ಲಿದ್ದು ಸುರಕ್ಷಿತವಾಗಿದ್ದ ದಕ್ಷಿಣಾಭಿಮುಖ ಬಂಡೆಯೇ ಮೇ ತಿಂಗಳಲ್ಲಿ ನೇರ ಹೊಡೆತಕ್ಕೆ ಸಿಕ್ಕುತ್ತದೆ. ಹಿಂದಿನ ಸಲ ಇಲ್ಲೇ ನಿಂತಿದ್ದೆವು ಎಂಬ ಧೈರ್ಯಕ್ಕೆ ಇಲ್ಲಿ ಆಧಾರವಿಲ್ಲ.

ನೀರು. ಏಪ್ರಿಲ್, ಮೇ ತಿಂಗಳಲ್ಲಿ ಮೇಲ್ಪದರದ ನೀರು ವರ್ಷದಲ್ಲೇ ಅತಿ ಹೆಚ್ಚು ಬಿಸಿಯಾಗಿ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ತಲುಪುತ್ತದೆ. ಬಿಸಿಯಾದ ಹಗುರ ನೀರು ಮೇಲೆಯೇ ನಿಲ್ಲುವುದರಿಂದ ತಳದ ಪೋಷಕಾಂಶಗಳು ಮೇಲಕ್ಕೆ ಬರುವುದಿಲ್ಲ. ಮುಂಗಾರಿನಲ್ಲಿ ತಳದ ತಣ್ಣೀರು ಮೇಲೆದ್ದು ಬರುವುದೇ ಈ ಕರಾವಳಿಯ ಬೂತಾಯಿ, ಬಂಗುಡೆಗಳ ಸಮೃದ್ಧಿಯ ಮೂಲ. ವಸಂತವೆಂದರೆ ಆ ಸಮೃದ್ಧಿಯ ಉಳಿಕೆ ತೀರುತ್ತ ಬಂದ ಕಾಲ. ಗಾಳಿಯಿಲ್ಲದ ಬೆಳಗುಗಳಲ್ಲಿ ನೀರಿನ ಮೇಲೆ ಮರದ ಹೊಟ್ಟಿನಂತಹ ಕಂದು ಪಟ್ಟೆಗಳು ತೇಲುವುದುಂಟು. ಇದು ಕೊಳಚೆಯಲ್ಲ; ಟ್ರೈಕೋಡೆಸ್ಮಿಯಂ ಎಂಬ ಸೂಕ್ಷ್ಮಜೀವಿಯ ದಟ್ಟ ಬೆಳವಣಿಗೆ. ಅಂಬಲಿ ಮೀನುಗಳೂ ಈ ಕಾಲದಲ್ಲಿ ಹೆಚ್ಚಾಗಿ ದಡಕ್ಕೆ ಬರುತ್ತವೆ. ನದಿಗಳ ಹರಿವು ಕುಗ್ಗಿ ಉಪ್ಪುನೀರು ಅಳಿವೆಯಿಂದ ಒಳಕ್ಕೆ ಬಹುದೂರ ಏರುತ್ತದೆ, ಅದರ ಜೊತೆಗೆ ಸಮುದ್ರದ ಮೀನುಗಳೂ ಏರುತ್ತವೆ.

ಕಳ್ಳಕಡಲು

ಗಾಳಿ, ಮಳೆ, ಮೋಡ ಯಾವ ಮುನ್ಸೂಚನೆಯೂ ಇಲ್ಲದೆ ಸಮುದ್ರ ಒಮ್ಮೆಲೇ ಉಕ್ಕಿ ದಡವನ್ನು ಮುಳುಗಿಸುವ ವಿದ್ಯಮಾನಕ್ಕೆ ಕೇರಳದ ಮೀನುಗಾರರು 'ಕಳ್ಳಕ್ಕಡಲ್' ಎಂಬ ಹೆಸರಿಟ್ಟಿದ್ದಾರೆ. ಕಳ್ಳನಂತೆ ಸದ್ದಿಲ್ಲದೆ ಬರುವ ಕಡಲು ಎಂಬುದು ಅದರ ಅರ್ಥ. ಕನ್ನಡಕ್ಕೆ ಅನುವಾದದ ಅಗತ್ಯವೇ ಇಲ್ಲದ ಶಬ್ದ. ಯುನೆಸ್ಕೊ 2012ರಲ್ಲಿ ಈ ಹೆಸರನ್ನು ವೈಜ್ಞಾನಿಕ ಬಳಕೆಗೆ ಅಂಗೀಕರಿಸಿತು. ಇದು ಮುಖ್ಯವಾಗಿ ಏಪ್ರಿಲ್, ಮೇ ತಿಂಗಳಲ್ಲಿ ಕಾಣಿಸಿಕೊಳ್ಳುತ್ತದೆ. ಕೇರಳದಲ್ಲಿ ಪರಿಣಾಮ ಹೆಚ್ಚು, ಆದರೆ ಕರ್ನಾಟಕದ ತೀರವೂ ಇದರ ವ್ಯಾಪ್ತಿಯಲ್ಲಿದೆ.

ಇದರ ಮೂಲ ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿದೆ. ಅಲ್ಲಿ ಚಂಡಮಾರುತಗಳು ಎಬ್ಬಿಸಿದ ಅಲೆಗಳು ಉತ್ತರಕ್ಕೆ ಸಾಗಿ, ನಾಲ್ಕೈದು ದಿನಗಳ ನಂತರ ನಮ್ಮ ತೀರಕ್ಕೆ ತಲುಪುತ್ತವೆ. ಎರಡು ಅಲೆಗಳ ನಡುವಿನ ಅಂತರ 15 ಸೆಕೆಂಡಿಗಿಂತಲೂ ಹೆಚ್ಚಿರಬಹುದು. ತೆರೆದ ಸಮುದ್ರದಲ್ಲಿ ಇಂಥ ಅಲೆಯ ಎತ್ತರ ಅಲ್ಪವಾದ್ದರಿಂದ ದೋಣಿಯಲ್ಲಿರುವವರಿಗೆ ಅದು ತಿಳಿಯುವುದೇ ಇಲ್ಲ. ದಡದ ಬಳಿ ತಳ ತಾಗಿದಾಗ ಮಾತ್ರ ಅದು ಮೇಲೆದ್ದು, ಅಷ್ಟು ಹೊತ್ತು ಒಣಗಿದ್ದ ಬಂಡೆಯನ್ನು ತೊಳೆದುಕೊಂಡು ಹೋಗುತ್ತದೆ. ಇವು ಗುಂಪುಗುಂಪಾಗಿ ಬರುವುದರಿಂದ ಎರಡು ಗುಂಪುಗಳ ನಡುವೆ ಹಲವು ನಿಮಿಷ ಸಮುದ್ರ ತೀರ ಶಾಂತವಾಗಿರುತ್ತದೆ. ಈ ವಿರಾಮವನ್ನು ನೋಡಿಯೇ ಜನ ಬಂಡೆಯ ತುದಿಗೆ ಇಳಿಯುವುದು.

2024ರ ಮೇ ತಿಂಗಳಲ್ಲಿ ಕನ್ಯಾಕುಮಾರಿ ಜಿಲ್ಲೆಯ ಲೆಮೂರ್ ಕಡಲತೀರದಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ಇಂಥ ಹೆದ್ದೆರೆಗೆ ಸಿಲುಕಿ ಮೃತಪಟ್ಟರು. ಆ ದಿನಗಳಿಗೆ ಎಚ್ಚರಿಕೆ ಪ್ರಕಟವಾಗಿತ್ತು. ಕರ್ನಾಟಕದಲ್ಲಿ, 2022ರ ಏಪ್ರಿಲ್‌ನಲ್ಲಿ ಸೇಂಟ್ ಮೇರೀಸ್ ದ್ವೀಪದ ಬಂಡೆಗಳ ಬಳಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ನೀರುಪಾಲಾದರು. ಈ ಎರಡನೆಯ ದುರಂತ ಕಳ್ಳಕಡಲಿನಿಂದಲೇ ಆಯಿತೆಂದು ಇಲ್ಲಿ ಹೇಳುತ್ತಿಲ್ಲ. ಮಳೆಗಾಲವಲ್ಲದ ತಿಂಗಳಲ್ಲಿಯೂ ಬಂಡೆಯ ಅಂಚು ಎಷ್ಟು ಅಪಾಯಕರ ಎಂಬುದಕ್ಕೆ ಅದು ನಿದರ್ಶನ.

ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು (ಇನ್‌ಕಾಯಿಸ್) ಹೆದ್ದೆರೆಗಳ ಮುನ್ಸೂಚನೆಯನ್ನು ಜಿಲ್ಲಾವಾರು ಪ್ರಕಟಿಸುತ್ತದೆ. ಅಲೆ ಹುಟ್ಟಿದ ಸ್ಥಳ ಅಷ್ಟು ದೂರದಲ್ಲಿರುವುದರಿಂದ ಎಚ್ಚರಿಕೆ ನೀಡಲು ಒಂದೆರಡು ದಿನಗಳ ಕಾಲಾವಕಾಶ ಸಿಗುತ್ತದೆ. ಗಾಳಿ ಮಳೆಗಳ ಮುನ್ಸೂಚನೆಯನ್ನಷ್ಟೇ ನೋಡಿ ಹೊರಡುವವರಿಗೆ ಇದು ಗೊತ್ತಾಗುವುದಿಲ್ಲ. ಅಲೆಯ ಎತ್ತರದ ಜೊತೆಗೆ ಅದರ ಅವಧಿಯನ್ನೂ ನೋಡಬೇಕು: ಎತ್ತರ ಒಂದು ಮೀಟರ್ ಎಂದಿದ್ದರೂ ಅವಧಿ 15 ಸೆಕೆಂಡ್ ದಾಟಿದ್ದರೆ ಬಂಡೆಯ ಮೇಲಿನ ಮೀನುಗಾರಿಕೆಯನ್ನು ಆ ದಿನ ಕೈಬಿಡುವುದು ಲೇಸು.

ಭರತ ಮತ್ತು ಇಳಿತ

ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ನೀರು ಏರಿ ಎರಡು ಸಲ ಇಳಿಯುತ್ತದೆ. ಏರಿಕೆಯನ್ನು ಭರತ ಅಥವಾ ಉಬ್ಬರ ಎನ್ನುತ್ತಾರೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ; ಆದ್ದರಿಂದ ಪ್ರತಿದಿನವೂ ಉಬ್ಬರದ ಹೊತ್ತು ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡವಾಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಕರ್ನಾಟಕದಲ್ಲಿ ದೊಡ್ಡ ಉಬ್ಬರದ ದಿನ ಈ ವ್ಯತ್ಯಾಸ ಒಂದೂವರೆಯಿಂದ ಎರಡು ಮೀಟರ್‌ನಷ್ಟಿದ್ದು, ದಕ್ಷಿಣದ ಮಂಗಳೂರಿಗಿಂತ ಉತ್ತರದ ಕಾರವಾರದಲ್ಲಿ ಸ್ವಲ್ಪ ಹೆಚ್ಚು. ಸ್ಥೂಲವಾಗಿ ಹೇಳುವುದಾದರೆ ಹುಣ್ಣಿಮೆ ಅಮಾವಾಸ್ಯೆಗಳಂದು ಉಬ್ಬರವು ನಡುಹಗಲಿನ ಹೊತ್ತಿಗೆ, ಇಳಿತವು ಮುಂಜಾನೆ ಮತ್ತು ಸಂಜೆಗೆ ಬೀಳುತ್ತದೆ. ಅಷ್ಟಮಿಯಂದು ಇದು ತಿರುವುಮುರುವು. ನಿಖರವಾದ ಹೊತ್ತಿಗೆ ಭಾರತೀಯ ಸರ್ವೇಕ್ಷಣ ಇಲಾಖೆಯ ಉಬ್ಬರವಿಳಿತ ಕೋಷ್ಟಕವನ್ನು ನೋಡಬೇಕು.

ಸೂರ್ಯನು ಭೂಮಧ್ಯರೇಖೆಯ ನೇರಕ್ಕೆ ಬರುವ ಮಾರ್ಚ್ 21ರ ಸುತ್ತಿನ ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಏರಿಳಿತ ವರ್ಷದ ಗರಿಷ್ಠ ಮಟ್ಟದ ಸಮೀಪಕ್ಕೆ ಹೋಗುತ್ತದೆ. ಯುಗಾದಿಯ ಹಿಂದಿನ ಅಮಾವಾಸ್ಯೆ ಹಲವು ವರ್ಷ ಇದೇ ಹೊತ್ತಿಗೆ ಬರುತ್ತದೆ. ಆ ಮೂರ್ನಾಲ್ಕು ದಿನ, ಬೇರೆ ಸಮಯದಲ್ಲಿ ನೀರಿನಡಿಯೇ ಇರುವ ಕಲ್ಲು ಮತ್ತು ಮರಳುದಿಬ್ಬಗಳು ಹೊರಬೀಳುತ್ತವೆ. ಚಿಪ್ಪುಮೀನು ಆರಿಸುವವರಿಗೆ ಅದು ಸುಗ್ಗಿ. ಇಳಿತದಲ್ಲಿ ಅಷ್ಟು ದೂರ ನಡೆದುಹೋದವರು ಮರಳುವಾಗ ನೀರು ಅಷ್ಟೇ ವೇಗವಾಗಿ ಹಿಂಬಾಲಿಸುತ್ತದೆ ಎಂಬುದನ್ನು ಮರೆಯಬಾರದು.

ಒಳನಾಡಿನಲ್ಲಿ ಗಾಳ ಹಾಕಿ ಕಲಿತವರು ಎಡವುವುದು ಇಲ್ಲಿಯೇ. ದಾವಣಗೆರೆ ಜಿಲ್ಲೆಯ ಸೂಳೆಕೆರೆಯಲ್ಲಿಯೋ ಹರಿಹರದ ಬಳಿ ತುಂಗಭದ್ರೆಯಲ್ಲಿಯೋ ಬೆಳಿಗ್ಗೆ ಕುಳಿತ ಕಲ್ಲು ಸಂಜೆಯೂ ಕುಳಿತುಕೊಳ್ಳಲು ಯೋಗ್ಯವಾಗಿಯೇ ಇರುತ್ತದೆ. ಸಮುದ್ರದ ಬಂಡೆಗೆ ಬಂದ ದಾರಿ ಆರು ಗಂಟೆಯೊಳಗೆ ನೀರಿನಡಿ ಹೋಗಬಹುದು. ಮಾಯಕೊಂಡದಂಥ ಊರುಗಳಿಂದ ಬಸ್ಸು ಮಾಡಿಕೊಂಡು ಒಂದು ದಿನಕ್ಕೆಂದು ಬಂದವರಿಗೆ ಹೊತ್ತಿನ ಅವಸರವಿರುತ್ತದೆ; ಉಬ್ಬರದ ಹೊತ್ತನ್ನು ಕೇಳುವ ವ್ಯವಧಾನವಿರುವುದಿಲ್ಲ.

ಮೀನುಗಳು

ಒಂದೇ ಮೀನಿಗೆ ನೂರು ಕಿಲೋಮೀಟರ್ ಒಳಗೆ ಮೂರು ನಾಲ್ಕು ಹೆಸರುಗಳಿರುವುದು ಈ ಕರಾವಳಿಯ ವೈಶಿಷ್ಟ್ಯ. ತುಳು, ಕೊಂಕಣಿ, ಕುಂದಾಪುರ ಕನ್ನಡ, ಉತ್ತರ ಕನ್ನಡದ ಕನ್ನಡ ಪರಸ್ಪರ ಬೆರೆತಿರುವುದೇ ಇದಕ್ಕೆ ಕಾರಣ. ಎಣ್ಣೆ ಬೂತಾಯಿಯನ್ನು ಮಂಗಳೂರಿನಲ್ಲಿ ಬೂತಾಯಿ, ಕುಂದಾಪುರದ ಕಡೆ ಬೈಗೆ, ಕಾರವಾರದ ಕಡೆ ತಾರ್ಲೆ ಎನ್ನುತ್ತಾರೆ. ಮಂಗಳೂರಿನ ಅಂಜಲ್ ಕಾರವಾರದಲ್ಲಿ ಇಸ್ವಾಣ. ಉಡುಪಿಯ ಕಾಣೆ ಅಂಕೋಲೆಯಲ್ಲಿ ನೊಗ್ಲಿ. ಸಿಗಡಿಗೆ ತುಳುವಿನಲ್ಲಿ ಎಟ್ಟಿ, ಕುಂದಾಪುರದಲ್ಲಿ ಚಟ್ಲಿ. ಬಂಗುಡೆ ಮಾತ್ರ ಬಹುಮಟ್ಟಿಗೆ ಎಲ್ಲ ಕಡೆ ಬಂಗುಡೆಯೇ.

ಬಂಗುಡೆ ಮತ್ತು ಬೂತಾಯಿಗಳು ತೀರದ ಬಳಿ ದಟ್ಟ ಗುಂಪುಗಳಾಗಿ ಬರುವುದು ಮಳೆಗಾಲ ಮುಗಿದ ಮೇಲೆ. ಮಾರ್ಚ್ ಹೊತ್ತಿಗೆ ಆ ಗುಂಪುಗಳು ವಿರಳವಾಗುತ್ತವೆ. ಏಪ್ರಿಲ್‌ನಿಂದ ಬಂಗುಡೆಯ ಹೊಟ್ಟೆಯಲ್ಲಿ ತತ್ತಿ ಕಾಣಲಾರಂಭಿಸುತ್ತದೆ. ಬೂತಾಯಿ ಮುಖ್ಯವಾಗಿ ಮುಂಗಾರಿನಲ್ಲಿ ಮೊಟ್ಟೆಯಿಡುತ್ತದೆ. ಹೀಗಾಗಿ ವಸಂತದ ಕೊನೆಯಲ್ಲಿ ಹಿಡಿದ ಪ್ರತಿಯೊಂದು ತತ್ತಿಮೀನು ಮುಂದಿನ ವರ್ಷದ ಫಸಲಿನಿಂದ ಕಳೆದಂತೆ. ಇದೇ ಕಾಲದಲ್ಲಿ ಯಾಂತ್ರಿಕ ದೋಣಿಗಳು ಆಳದ ನೀರಿಗೆ ಹೋಗಿ ರಾಣಿ ಮೀನು, ಬೊಂಡಾಸ್, ಪಾಂಬೋಳ್ ಮುಂತಾದವನ್ನು ತರುತ್ತವೆ.

ದಡದಿಂದ ಗಾಳ ಹಾಕುವವರಿಗೆ ಬಂಡೆಯ ಸಂದುಗಳಲ್ಲಿ ವಾಸಿಸುವ ಮುರು ಮತ್ತು ಕೆಂಬೇರಿ, ಮರಳಿನ ತಳದಲ್ಲಿ ಕಾಣೆ, ಅಳಿವೆಯಲ್ಲಿ ಕುರ್ಡಿ ಮುಖ್ಯ. ಮುರು, ಕೆಂಬೇರಿಗಳು ಅಲೆದಾಡುವ ಮೀನುಗಳಲ್ಲ. ತಮ್ಮ ಕಲ್ಲನ್ನು ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ಒಂದು ಬಂಡೆಯಿಂದ ದೊಡ್ಡ ಮುರುವನ್ನು ತೆಗೆದರೆ ಆ ಜಾಗ ಮತ್ತೆ ತುಂಬಲು ಬಹುಕಾಲ ಬೇಕು.

ದಡದ ಮೀನುಗಾರಿಕೆಯ ವಿಧಾನ

ಬಂಡೆಯ ಮೇಲೆ. ನಸುಕಿನ ಒಂದೆರಡು ಗಂಟೆ ಮತ್ತು ಸೂರ್ಯಾಸ್ತದ ಹೊತ್ತು ಮೀನು ಮೇಯುವ ಸಮಯ. ನಡುಹಗಲಿನ ತಿಳಿನೀರಿನಲ್ಲಿ, ಬಿಸಿಲಿನಲ್ಲಿ ಮೀನು ಆಳಕ್ಕೆ ಸರಿಯುತ್ತದೆ. ನೀರು ಏರುತ್ತಿರುವಾಗ ಏಡಿ, ಸಿಗಡಿ, ಸಣ್ಣ ಮೀನುಗಳನ್ನು ಅರಸಿ ದೊಡ್ಡ ಮೀನು ಕಲ್ಲಿನ ಬುಡಕ್ಕೆ ಬರುತ್ತದೆ. ಆದ್ದರಿಂದ ಉಬ್ಬರ ಅರ್ಧ ಏರಿದಾಗಿನಿಂದ ಪೂರ್ತಿ ಏರುವವರೆಗಿನ ಹೊತ್ತೇ ಒಳ್ಳೆಯದೆಂದು ಅನುಭವಿಗಳು ಹೇಳುತ್ತಾರೆ. ಮೀನು ಹತ್ತಿರ ಬರುವ ಹೊತ್ತೂ ಬಂಡೆ ಅಪಾಯಕರವಾಗುವ ಹೊತ್ತೂ ಒಂದೇ ಆಗಿರುವುದು ಈ ಮೀನುಗಾರಿಕೆಯ ತೊಡಕು. ಇಳಿತದ ಹೊತ್ತಿನಲ್ಲಿಯೇ ಬಂದು ಸ್ಥಳ ಪರಿಶೀಲಿಸಿ, ಪೂರ್ಣ ಉಬ್ಬರದಲ್ಲೂ ಮರಳಲು ಸಾಧ್ಯವಾದ ದಾರಿಯಿರುವ ಎತ್ತರದ ಕಲ್ಲನ್ನು ಆರಿಸಿಕೊಳ್ಳುವುದು ಇದಕ್ಕೆ ಪರಿಹಾರ.

ಬಂಡೆಯನ್ನು ಓದಲು ಕಲಿಯಬಹುದು. ಬಿಳಿಯ ಸಣ್ಣ ಚಿಪ್ಪುಗಳು ಅಂಟಿಕೊಂಡಿರುವ ಗೆರೆಯವರೆಗೆ ನೀರು ದಿನವೂ ಬರುತ್ತದೆ. ಹಸಿರು ಅಥವಾ ಕಪ್ಪು ಪಾಚಿ ಹಿಡಿದ ಭಾಗ ಒಣಗಿದಂತೆ ಕಂಡರೂ ಜಾರುತ್ತದೆ. ಒಣಬಂಡೆಯ ಮೇಲೆ ಅಲ್ಲಲ್ಲಿ ಹೊಸ ನೀರು ನಿಂತಿದ್ದರೆ, ಇತ್ತೀಚೆಗೆ ದೊಡ್ಡದೊಂದು ಅಲೆ ಅಲ್ಲಿಯವರೆಗೂ ಬಂದುಹೋಗಿದೆ ಎಂದೇ ಅರ್ಥ. ಇಳಿಯುವ ಮೊದಲು ಕನಿಷ್ಠ 20 ನಿಮಿಷ ಮೇಲೆಯೇ ನಿಂತು ಅಲೆಗಳನ್ನು ಗಮನಿಸಬೇಕು. ಐದು ನಿಮಿಷ ನೋಡಿದರೆ ಎರಡು ಗುಂಪುಗಳ ನಡುವಿನ ವಿರಾಮವನ್ನಷ್ಟೇ ನೋಡಿದಂತಾಗಬಹುದು.

ಸ್ಥಳೀಯರು ಹೆಚ್ಚಾಗಿ ಕೋಲಿಲ್ಲದೆ ಕೈನೂಲನ್ನೇ ಬಳಸುತ್ತಾರೆ. ಪ್ಲಾಸ್ಟಿಕ್ ಬಾಟಲಿಗೆ ಸುತ್ತಿದ ನೈಲಾನ್ ನೂಲು, ತುದಿಯಲ್ಲಿ ಸೀಸದ ಗುಂಡು, ಅದಕ್ಕಿಂತ ಸ್ವಲ್ಪ ಮೇಲೆ ಗಾಳ: ಇಷ್ಟೇ ಸಲಕರಣೆ. ಕಲ್ಲಿನ ಸಂದಿನಲ್ಲಿ ಗುಂಡು ಸಿಕ್ಕಿಕೊಳ್ಳುವುದು ಸಾಮಾನ್ಯವಾದ್ದರಿಂದ ಗುಂಡನ್ನು ಮುಖ್ಯ ನೂಲಿಗಿಂತ ತೆಳುವಾದ ನೂಲಿನಿಂದ ಕಟ್ಟುವುದು ಜಾಣತನ. ಎಳೆದಾಗ ಗುಂಡು ಮಾತ್ರ ಕಳೆದುಹೋಗಿ ಗಾಳ ಮತ್ತು ಮೀನು ಉಳಿಯುತ್ತವೆ. ಎರೆಗೆ ಹಸಿ ಸಿಗಡಿ, ಬೂತಾಯಿ ಅಥವಾ ಬೊಂಡಾಸಿನ ತುಂಡು ಸಾಕು. ಬೊಂಡಾಸು ಗಟ್ಟಿಯಾಗಿರುವುದರಿಂದ ಸಣ್ಣ ಮೀನುಗಳು ಬೇಗನೆ ಕಿತ್ತುಕೊಂಡು ಹೋಗಲಾರವು. ಇತ್ತೀಚೆಗೆ ಕೋಲು, ರೀಲು, ಮೀನಿನಾಕಾರದ ಕೃತಕ ಎರೆಗಳನ್ನು ಬಳಸುವ ಹವ್ಯಾಸಿಗಳು ಹೆಚ್ಚಿದ್ದಾರೆ.

ಮರಳುದಂಡೆಯಲ್ಲಿ. ಕಾಣೆ ಮೀನಿನ ಬಾಯಿ ಚಿಕ್ಕದು. ಸಣ್ಣ ಗಾಳ, ತೆಳು ನೂಲು, ಸಿಪ್ಪೆ ಸುಲಿದ ಸಿಗಡಿಯ ಚಿಕ್ಕ ತುಂಡು ಬೇಕು. ದೂರಕ್ಕೆ ಎಸೆದರೆ ಹೆಚ್ಚು ಮೀನು ಎಂಬುದು ತಪ್ಪು ತಿಳಿವಳಿಕೆ. ಕಾಣೆಯು ಅಲೆ ಒಡೆಯುವ ಜಾಗದ ಸಮೀಪದ ತಗ್ಗುಗಳಲ್ಲಿಯೇ ಮೇಯುತ್ತದೆ. ನೀರಿಗಿಳಿದು ನಡೆಯುವಾಗ ಪಾದ ಎತ್ತಿಡದೆ ಮರಳಿನ ಮೇಲೆ ಜರುಗಿಸುತ್ತ ಹೋಗಬೇಕು. ಮರಳಿನಲ್ಲಿ ಹುದುಗಿರುವ ತೊರಕೆ ಮೀನು ಆ ಸಪ್ಪಳಕ್ಕೆ ಸರಿದುಹೋಗುತ್ತದೆ, ತುಳಿದರೆ ಬಾಲದ ಮುಳ್ಳಿನಿಂದ ಚುಚ್ಚುತ್ತದೆ. ತೊರಕೆ ಅಥವಾ ತೇಡೆಯ ಮುಳ್ಳು ಚುಚ್ಚಿದರೆ ಗಾಯವನ್ನು ತೊಳೆದು, ಸಹಿಸಬಹುದಾದಷ್ಟು ಬಿಸಿಯಾದ, ಆದರೆ 45 ಡಿಗ್ರಿ ಮೀರದ ನೀರಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಹೊತ್ತು ಮುಳುಗಿಸಿಡುವುದರಿಂದ ನೋವು ತಗ್ಗುತ್ತದೆ. ಆನಂತರ ವೈದ್ಯರನ್ನು ಕಾಣಬೇಕು. ಮುರಿದ ಮುಳ್ಳು ಒಳಗೇ ಉಳಿದಿರುವ ಸಂಭವವಿದೆ.

ಅಳಿವೆಯಲ್ಲಿ. ವಸಂತದಲ್ಲಿ ನಿಜವಾಗಿ ಸಮೃದ್ಧವಾದ ಜಾಗ ಇದು. ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತು ನೂರಾರು ಜನ ಮೊಣಕಾಲು ಅಥವಾ ಸೊಂಟದವರೆಗಿನ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಮೀನನ್ನು ಕೈಯಿಂದ, ಕಾಲ್ಬೆರಳಿನಿಂದ ತಡಕಿ ತೆಗೆಯುತ್ತಾರೆ. ಹಿಡಿದದ್ದನ್ನು ಪಕ್ಕದಲ್ಲಿ ತೇಲುವ ಪಾತ್ರೆಗೋ ದೋಣಿಗೋ ಹಾಕುತ್ತಾರೆ. ಬಂಡವಾಳ ಬೇಡದ, ದೋಣಿಯಿಲ್ಲದವರಿಗೂ ಅನ್ನ ಕೊಡುವ ಈ ಕಸುಬು ಪೂರ್ತಿಯಾಗಿ ಉಪ್ಪುನೀರು ಮತ್ತು ಸಿಹಿನೀರುಗಳ ಹದವನ್ನು ಅವಲಂಬಿಸಿದೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲದಿರುವುದರಿಂದ ಆ ಹದ ಇನ್ನೂ ಉಳಿದುಕೊಂಡಿದೆ. 2024ರಲ್ಲಿ ಈ ಅಳಿವೆಯನ್ನು ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿಸಲಾಯಿತು. ಕಾಳಿ ನದಿಯ ಅಳಿವೆಯಲ್ಲಿಯೂ ಬಳಚು ಸಿಗುತ್ತದೆ. ಕಾರವಾರ ಸುತ್ತಿನ ಬಂಡೆಗಳಲ್ಲಿ ಬೆಳೆಯುವ ನೀಲಿಕಲ್ಲು ಎಂಬ ಕಪ್ಪೆಚಿಪ್ಪನ್ನು ಮುಳುಗಿ ಕಬ್ಬಿಣದ ಉಳಿಯಿಂದ ಕಿತ್ತು ತೆಗೆಯುತ್ತಾರೆ. ಅಳಿವೆಯ ಬಾಯಿಯಲ್ಲಿ ಮಾತ್ರ ಯಾರೂ ನೀರಿಗಿಳಿಯುವುದಿಲ್ಲ: ಇಳಿತದ ಸೆಳೆತವೂ ಎದುರಿನಿಂದ ಬರುವ ಅಲೆಯೂ ಅಲ್ಲಿ ಡಿಕ್ಕಿಯಾಗುತ್ತವೆ. ದೋಣಿಗಳು ಮಗುಚುವುದೂ ಹೆಚ್ಚಾಗಿ ಅಲ್ಲಿಯೇ.

ದೋಣಿ ಮೀನುಗಾರಿಕೆ

ಮೊಗವೀರ, ಖಾರ್ವಿ, ಹರಿಕಂತ್ರ, ಅಂಬಿಗ, ಗಾಬಿತ ಮುಂತಾದ ಸಮುದಾಯಗಳು ಈ ತೀರದ ಸಾಂಪ್ರದಾಯಿಕ ಮೀನುಗಾರರು. ಊರವರೆಲ್ಲ ಸೇರಿ ಎಳೆಯುವ ರಂಪಣಿ ಬಲೆ ಒಂದು ಕಾಲದಲ್ಲಿ ಇಲ್ಲಿನ ಮುಖ್ಯ ಸಾಧನವಾಗಿತ್ತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆಗಳು ಬಂದು, ಬಂಗುಡೆಯ ಗುಂಪುಗಳನ್ನು ದಡಕ್ಕೆ ಬರುವ ಮೊದಲೇ ಸುತ್ತುವರಿಯತೊಡಗಿದ ಮೇಲೆ ರಂಪಣಿ ಬಹುಬೇಗ ಹಿಂದೆ ಸರಿಯಿತು. ಈಗ ಚಿಕ್ಕದಾದ ಕೈರಂಪಣಿ ಅಲ್ಲಲ್ಲಿ ಉಳಿದಿದೆ. ವಸಂತದಲ್ಲಿ ಸಿಗುವ ಮೀನು ಡೀಸೆಲ್ ಖರ್ಚಿಗೂ ಸಾಲದಾದಾಗ ನಿಷೇಧದ ದಿನಾಂಕಕ್ಕೆ ಕಾಯದೆ ಮೊದಲೇ ದಡ ಸೇರುವ ಬೋಟುಗಳುಂಟು. ಉಪಗ್ರಹಗಳಿಂದ ದೊರೆತ ನೀರಿನ ಉಷ್ಣತೆ ಮತ್ತು ಹರಿತ್ತಿನ ಮಾಹಿತಿಯ ಆಧಾರದಲ್ಲಿ ಮೀನು ಸಿಗುವ ಸಂಭವವಿರುವ ವಲಯಗಳನ್ನು ಇನ್‌ಕಾಯಿಸ್ ಸೂಚಿಸುತ್ತದೆ. ಇಂಧನದ ಉಳಿತಾಯಕ್ಕೆ ಇದು ನೆರವಾಗಿದೆ.

ಮೇ ತಿಂಗಳ ನಡುವಿನಿಂದ ಚಂಡಮಾರುತಗಳ ಭಯವೂ ಸೇರಿಕೊಳ್ಳುತ್ತದೆ. 2021ರ ಮೇ ತಿಂಗಳಲ್ಲಿ 'ತೌಕ್ತೆ' ಚಂಡಮಾರುತ ಕರ್ನಾಟಕದ ಎದುರಿನ ಸಮುದ್ರದಲ್ಲಿ ಉತ್ತರಕ್ಕೆ ಸಾಗಿದಾಗ ಮೂರೂ ಜಿಲ್ಲೆಗಳಲ್ಲಿ ಹಾನಿಯಾಯಿತು. ಮೂಲ್ಕಿಯ ಸಮೀಪದ ಬಂಡೆಗಳಿಗೆ ಸಿಲುಕಿದ 'ಕೋರಮಂಡಲ್ ಸಪೋರ್ಟರ್ 9' ಎಂಬ ನೌಕೆಯ ಒಂಬತ್ತು ಮಂದಿಯನ್ನು ನೌಕಾಪಡೆ ಮತ್ತು ಕರಾವಳಿ ಕಾವಲು ಪಡೆಯವರು ರಕ್ಷಿಸಿದರು.

ಸುರಕ್ಷತೆ

ಬಂಡೆಯ ಮೇಲೆ ಒಬ್ಬರೇ ಹೋಗಬಾರದು. ಜೀವರಕ್ಷಕ ಜಾಕೆಟ್ ತೊಟ್ಟಿರಬೇಕು. ಸಮುದ್ರಕ್ಕೆ ಬೆನ್ನು ಮಾಡಿ ನಿಲ್ಲಬಾರದು. ನೀರಿಗೆ ಬಿದ್ದವರು ಕೂಡಲೇ ಅದೇ ಬಂಡೆಯನ್ನು ಹತ್ತಲು ಯತ್ನಿಸಿದರೆ ಮುಂದಿನ ಅಲೆ ಅವರನ್ನು ಚಿಪ್ಪಿನ ಕಲ್ಲಿಗೆ ಅಪ್ಪಳಿಸುತ್ತದೆ. ಬಂಡೆಯಿಂದ ದೂರ ಈಜಿ, ತೇಲುತ್ತ ಸಹಾಯಕ್ಕೆ ಕಾಯುವುದು ಅಥವಾ ಪಕ್ಕದ ಮರಳುದಂಡೆಯ ಕಡೆ ಸಾಗುವುದು ಸರಿಯಾದ ಕ್ರಮ. ದಡದಲ್ಲಿರುವವರು ತಾವೂ ಹಾರದೆ ಹಗ್ಗ, ಖಾಲಿ ಕ್ಯಾನು, ಮುಚ್ಚಳ ಬಿಗಿದ ದೊಡ್ಡ ಬಾಟಲಿ, ತೇಲುವ ಯಾವುದನ್ನಾದರೂ ಎಸೆಯಬೇಕು. ಒಬ್ಬರನ್ನು ಉಳಿಸಲು ಹೋಗಿ ಮತ್ತಿಬ್ಬರು ಮುಳುಗಿದ ಪ್ರಕರಣಗಳೇ ಪತ್ರಿಕೆಗಳಲ್ಲಿ ಹೆಚ್ಚು ಕಾಣುತ್ತವೆ.

ಏಪ್ರಿಲ್, ಮೇ ತಿಂಗಳ ಸಂಜೆ ಘಟ್ಟದ ಕಡೆ ಮೋಡ ಕಟ್ಟಿ ಗುಡುಗಿದರೆ ಗಾಳದ ಕೋಲನ್ನು ಮಡಿಸಿ ಬಂಡೆಯಿಂದ ಮೇಲೆ ಬರಬೇಕು. ಕಾರ್ಬನ್ ನಾರಿನ ಕೋಲು ವಿದ್ಯುತ್ತನ್ನು ಹರಿಯಬಿಡುತ್ತದೆ. ಸಮುದ್ರದಲ್ಲಿ ಅಪಾಯಕ್ಕೆ ಸಿಲುಕಿದವರಿಗೆ ಕರಾವಳಿ ಕಾವಲು ಪಡೆಯ 1554, ಕರಾವಳಿ ಭದ್ರತಾ ಪೊಲೀಸರ 1093 ಮತ್ತು ಸಾಮಾನ್ಯ ತುರ್ತು ಸಂಖ್ಯೆ 112 ಇವೆ. ಗುಡ್ಡಗಳ ಮರೆಯ ಹಲವು ಕಡಲತೀರಗಳಲ್ಲಿ ಮೊಬೈಲ್ ಸಂಪರ್ಕ ಸಿಗದಿರುವುದರಿಂದ ಎಲ್ಲಿಗೆ ಹೋಗುತ್ತಿದ್ದೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂಬುದನ್ನು ಊರಿನ ಯಾರಿಗಾದರೂ ಹೇಳಿಹೋಗುವುದು ಅಗತ್ಯ. ಹತ್ತಿರದಲ್ಲಿ ಬಲೆ ಹೆಣೆಯುತ್ತ ಕುಳಿತವರನ್ನು 'ಇವತ್ತು ಕಡಲು ಹೇಗಿದೆ?' ಎಂದು ಕೇಳಿದರೆ ಯಾವ ಕೋಷ್ಟಕವೂ ಹೇಳದ ಸಂಗತಿ ತಿಳಿಯುತ್ತದೆ. ಅವರು ಬೇಡವೆಂದ ದಿನ ಇಳಿಯಬಾರದು.

ನಿಯಮಗಳು

ತೀರದಿಂದ 12 ನಾಟಿಕಲ್ ಮೈಲಿವರೆಗಿನ ಮೀನುಗಾರಿಕೆಯನ್ನು 1986ರ ಕರ್ನಾಟಕ ಸಾಗರ ಮೀನುಗಾರಿಕೆ (ನಿಯಂತ್ರಣ) ಅಧಿನಿಯಮ ನಿಯಂತ್ರಿಸುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಕರ್ನಾಟಕದಲ್ಲಿ ಸಾಂಪ್ರದಾಯಿಕ ನಾಡದೋಣಿಗಳಿಗೆ ಮತ್ತು 10 ಅಶ್ವಶಕ್ತಿಯವರೆಗಿನ ಎಂಜಿನ್ ಅಳವಡಿಸಿದ ದೋಣಿಗಳಿಗೆ ಇದರಿಂದ ವಿನಾಯಿತಿಯಿದೆ. ಪ್ರಖರ ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು ಮತ್ತು ಎರಡು ಬೋಟುಗಳು ಸೇರಿ ಎಳೆಯುವ ಬುಲ್ ಟ್ರಾಲಿಂಗನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು. ನೆರೆಯ ಕೇರಳವು ಹಿಡಿಯಬಹುದಾದ ಮೀನಿನ ಕನಿಷ್ಠ ಗಾತ್ರವನ್ನು ನಿಗದಿಪಡಿಸಿದ್ದು, ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ. ಎಂದಿದೆ, ಹವ್ಯಾಸಿಗಳು ಇದನ್ನು ತಮ್ಮ ಅಳತೆಗೋಲಾಗಿ ಇಟ್ಟುಕೊಳ್ಳಬಹುದು.

ಕಡಲಾಮೆಗಳು, ತಿಮಿಂಗಿಲ ಶಾರ್ಕ್, ಗರಗಸ ಮೀನು, ಕಡಲಕುದುರೆ, ಹವಳ ಹಾಗೂ ದೈತ್ಯ ಜಾತಿಯ ಮುರು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಗೆ ಒಳಪಟ್ಟಿವೆ. ಇವು ಗಾಳಕ್ಕೋ ಬಲೆಗೋ ಸಿಕ್ಕರೆ ನೂಲು ಕತ್ತರಿಸಿ ಬಿಡಬೇಕು. ಹೊನ್ನಾವರದ ಕಾಸರಕೋಡು ಮುಂತಾದ ಮರಳುದಂಡೆಗಳಲ್ಲಿ ಚಳಿಗಾಲದ ಕೊನೆಯಿಂದ ವಸಂತದವರೆಗೆ ಕಡಲಾಮೆಗಳು ಮೊಟ್ಟೆಯಿಡಲು ಬರುವುದರಿಂದ ಅಲ್ಲಿ ರಾತ್ರಿ ದೀಪ ಹಾಕಿ ಗಾಳ ಹಾಕುವುದು ಸಲ್ಲದು. ಕಾರವಾರದ ದಕ್ಷಿಣಕ್ಕಿರುವ ಕದಂಬ ನೌಕಾನೆಲೆಯ ಸುತ್ತಲಿನ ತೀರ ಮತ್ತು ಸಮುದ್ರ ನಿರ್ಬಂಧಿತ ಪ್ರದೇಶವಾಗಿದ್ದು, ಅಲ್ಲಿ ಮೀನು ಹಿಡಿಯಲು ಅವಕಾಶವಿಲ್ಲ. ತುಂಡಾದ ನೈಲಾನ್ ನೂಲು ಮತ್ತು ಬಲೆಯ ಚೂರುಗಳನ್ನು ಬಂಡೆಯ ಮೇಲೆ ಬಿಟ್ಟರೆ ಆಮೆ ಮತ್ತು ಕಡಲಹಕ್ಕಿಗಳು ಸಿಕ್ಕಿಬೀಳುತ್ತವೆ. ಅವನ್ನು ಸುತ್ತಿ ಹಿಂದಕ್ಕೆ ಒಯ್ಯಬೇಕು.